50 ದಿನ, 50 ಸಾವಿರ ರೂಪಾಯಿ, ಒಬ್ಬಳೇ: ರೈಲಿನಲ್ಲಿ ದೇಶ ಸುತ್ತುವ ಯೋಜನೆಗೆ ಸಲಹೆ ಬೇಕು

ಪ್ರಶ್ನೆ – ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಆರು ವರ್ಷ ಮಾಡಿದ ಕೆಲಸವನ್ನು ಅಕ್ಟೋಬರ್ ಕೊನೆಗೆ ಬಿಡುತ್ತಿದ್ದೇನೆ, ಹೊಸ ಕೆಲಸಕ್ಕೆ ಜನವರಿಯಲ್ಲಿ ಸೇರಬೇಕು. ನಡುವೆ ಸಿಗುವ 50 ದಿನಗಳಲ್ಲಿ ಒಬ್ಬಳೇ ದೇಶ ಸುತ್ತಿ ಬರಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೇನೆ, ಅದಕ್ಕೆಂದೇ 50,000 ರೂಪಾಯಿ ಕೂಡಿಟ್ಟಿದ್ದೇನೆ. ನವೆಂಬರ್ 10ರಂದು ಬೆಂಗಳೂರಿನಿಂದ ಹೊರಟು ಕನ್ಯಾಕುಮಾರಿ, ಚೆನ್ನೈ, ಪುರಿ, ಕೋಲ್ಕತ್ತ, ಗುವಾಹಟಿ, ತವಾಂಗ್, ವಾರಾಣಸಿ, ಅಮೃತಸರ, ಶ್ರೀನಗರ, ಲೇಹ್, ಜೋಧಪುರ, ಮುಂಬೈ, ಮಡಗಾಂವ್ ನೋಡಿಕೊಂಡು ಬೆಂಗಳೂರಿಗೆ ಮರಳುವುದು ನನ್ನ ಯೋಜನೆ. ದೂರದ ಪ್ರಯಾಣಗಳನ್ನೆಲ್ಲ ರಾತ್ರಿ ರೈಲಿನಲ್ಲಿಟ್ಟುಕೊಂಡರೆ ಲಾಡ್ಜಿನ ಬಾಡಿಗೆ ಉಳಿಯುತ್ತದೆ ಎಂಬ ಲೆಕ್ಕದ ಮೇಲೆ ದಿನಕ್ಕೆ ಸಾವಿರ ರೂಪಾಯಿ ಸಾಕೆಂದುಕೊಂಡಿದ್ದೇನೆ. ಇದರಲ್ಲಿ ಆಗದ ಮಾತು ಯಾವುದು, ನಾನು ಮರೆತಿರುವುದು ಏನು ಎಂಬುದನ್ನು ದಯವಿಟ್ಟು ತಿಳಿಸಿ. "ಹೆಣ್ಣುಮಗಳು ಒಬ್ಬಳೇ ಹೋಗಬಾರದು" ಎಂಬ ಸಲಹೆ ಮನೆಯಲ್ಲಿ ಈಗಾಗಲೇ ಸಾಕಷ್ಟು ಸಿಕ್ಕಿದೆ, ಅದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಬರೆಯಿರಿ.

ಉತ್ತರ 1 – ಮಂಗಳೂರಿನಿಂದ

ದಿನಕ್ಕೆ ಸಾವಿರ ರೂಪಾಯಿ ಧಾರಾಳವಾಯಿತು. ನಾನು ಮೂರು ವರ್ಷದ ಹಿಂದೆ 40 ದಿನಗಳನ್ನು 17 ಸಾವಿರ ರೂಪಾಯಿಯಲ್ಲಿ ಮುಗಿಸಿದ್ದೇನೆ. ಹಗಲಿನ ಪ್ರಯಾಣವೆಲ್ಲ ಜನರಲ್ ಬೋಗಿಯಲ್ಲಿ, ರಾತ್ರಿ ಹೆಚ್ಚಾಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಊಟ ಸಿಕ್ಕಲ್ಲಿ. ಕಾಯ್ದಿರಿಸಿದ ಟಿಕೆಟ್ ಎಂದರೆ ಕಾಲಿಗೆ ಕಟ್ಟಿಕೊಂಡ ಹಗ್ಗವಿದ್ದಂತೆ. ಮನಸ್ಸಿಗೆ ಹಿಡಿಸಿದ ಊರಿನಲ್ಲಿ ಇನ್ನೆರಡು ದಿನ ನಿಲ್ಲಲು ಅದು ಬಿಡುವುದಿಲ್ಲ. ಹಳಿ ಇರುವ ಕಡೆಗೆಲ್ಲ ಜನರಲ್ ಟಿಕೆಟ್ ಇದ್ದೇ ಇದೆ, ಇಷ್ಟು ಯೋಜನೆಯೇ ಬೇಕಿಲ್ಲ.

ಉತ್ತರ 2 – ಹುಬ್ಬಳ್ಳಿಯಿಂದ

ತಂಗಿ, ನಾನು ಮೂವತ್ತೆರಡು ವರ್ಷ ರೈಲ್ವೆಯ ಬುಕಿಂಗ್ ಕಿಟಕಿಯ ಹಿಂದೆ ಕುಳಿತು ನಿವೃತ್ತನಾದವನು. ಆದುದರಿಂದ ಊರುಗಳ ಸೌಂದರ್ಯದ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ, ಟಿಕೆಟಿನ ಬಗ್ಗೆ ಮಾತ್ರ ಹೇಳಬಲ್ಲೆ.

ನಿಮ್ಮ ಪಟ್ಟಿಯ ಪ್ರತಿಯೊಂದು ಊರಿಗೂ ಬೇರೆ ಬೇರೆ ಟಿಕೆಟ್ ತೆಗೆಸಿದರೆ ಅನಗತ್ಯವಾಗಿ ಹಣ ಹೋಗುತ್ತದೆ. ರೈಲ್ವೆಯ ದರಪಟ್ಟಿಯ ಸ್ವಭಾವವೇ ಹಾಗಿದೆ: ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತ ಹೋಗುತ್ತದೆ. 500 ಕಿಲೋಮೀಟರಿನ ನಾಲ್ಕು ಟಿಕೆಟುಗಳಿಗಿಂತ 2,000 ಕಿಲೋಮೀಟರಿನ ಒಂದೇ ಟಿಕೆಟ್ ಅಗ್ಗ. ಇದರ ಲಾಭ ಪಡೆಯುವುದಕ್ಕೆಂದೇ ವೃತ್ತಾಕಾರದ ಪ್ರಯಾಣದ ಟಿಕೆಟ್ ಎಂಬುದೊಂದಿದೆ. ಕಿಟಕಿಗೆ ಬರುವವರು ಇದನ್ನು ಸರ್ಕ್ಯುಲರ್ ಟಿಕೆಟ್ ಎನ್ನುತ್ತಿದ್ದರು. ಹೊರಟ ನಿಲ್ದಾಣಕ್ಕೇ ಮರಳಿ ಬರುವ ಪ್ರಯಾಣಕ್ಕೆ ಇದನ್ನು ಕೊಡುತ್ತಾರೆ. ಒಟ್ಟು ದೂರವನ್ನು ಎರಡು ಸಮಭಾಗ ಮಾಡಿ, ಎರಡು ಒಮ್ಮುಖ ಪ್ರಯಾಣಗಳೆಂದು ಎಣಿಸಿ ದರ ಹಾಕುತ್ತಾರೆ. ಅಂದರೆ ನೀವು 8,000 ಕಿಲೋಮೀಟರ್ ಸುತ್ತಿದರೆ ಎರಡು ಬಾರಿ 4,000 ಕಿಲೋಮೀಟರಿನ ದರ. ಅಷ್ಟು ದೂರದ ಪ್ರಯಾಣಕ್ಕೆ ಕಿಲೋಮೀಟರಿನ ದರ ಎಷ್ಟು ಇಳಿದಿರುತ್ತದೆ ಎಂಬುದನ್ನು ನೀವೇ ಊಹಿಸಿ.

ಇದು ಅಂತರ್ಜಾಲದಲ್ಲಿ ಸಿಗುವುದಿಲ್ಲ. ನೀವು ಹೋಗಬೇಕಾದ ದಾರಿಯನ್ನು ನಿಲ್ದಾಣಗಳ ಹೆಸರಿನೊಂದಿಗೆ ಬಿಳಿ ಹಾಳೆಯ ಮೇಲೆ ಬರೆದು, ಹೊರಡುವ ನಿಲ್ದಾಣ ಯಾವ ವಿಭಾಗಕ್ಕೆ ಸೇರಿದೆಯೋ ಆ ವಿಭಾಗದ ವಾಣಿಜ್ಯ ವ್ಯವಸ್ಥಾಪಕರ ಕಚೇರಿಗೆ ಅಥವಾ ದೊಡ್ಡ ನಿಲ್ದಾಣವಾದರೆ ಅಲ್ಲಿಯ ಸ್ಟೇಷನ್ ಮ್ಯಾನೇಜರರಿಗೆ ಕೊಡಬೇಕು. ಅವರು ದರ ಲೆಕ್ಕ ಹಾಕಿ ಕೊಡುವ ನಮೂನೆಯನ್ನು ಬುಕಿಂಗ್ ಕಿಟಕಿಗೆ ತೋರಿಸಿ ಟಿಕೆಟ್ ಕೊಳ್ಳಬೇಕು. ಅದಾದ ಮೇಲೆ ಪ್ರತಿ ಹಂತದ ಬರ್ತನ್ನು ರಿಸರ್ವೇಷನ್ ಕೌಂಟರಿನಲ್ಲಿ ಕಾಯ್ದಿರಿಸುತ್ತ ಹೋಗಬೇಕು. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿದಿರುವುದರಿಂದ, ಕೊನೆಯ ಹಂತಗಳನ್ನು ದಾರಿಯಲ್ಲೇ ಯಾವುದಾದರೂ ನಿಲ್ದಾಣದಲ್ಲಿ ಮಾಡಿಸಬೇಕಾಗಬಹುದು.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ಈ ಟಿಕೆಟಿನಲ್ಲಿ ನಡುವೆ ಇಳಿದು ತಂಗಲು ಹೆಚ್ಚೆಂದರೆ 8 ಕಡೆ ಅವಕಾಶ. ರೈಲು ಮುಟ್ಟುವ ಊರುಗಳೇ ನಿಮ್ಮ ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚಿವೆ. ಮುಂದಿನ ರೈಲು ಹಿಡಿಯುವುದಕ್ಕಾಗಿ 24 ಗಂಟೆಯೊಳಗೆ ಕಾಯುವುದು ತಂಗುವಿಕೆ ಎನಿಸುವುದಿಲ್ಲವಾದ್ದರಿಂದ, ಚೆನ್ನೈ ಮತ್ತು ಮುಂಬೈಗಳನ್ನು ರೈಲು ಬದಲಿಸುವ ಊರುಗಳನ್ನಾಗಿ ಮಾಡಿಕೊಳ್ಳಿ. ಬ್ಯಾಗನ್ನು ಕ್ಲೋಕ್ ರೂಮಿನಲ್ಲಿಟ್ಟು ಹಗಲೆಲ್ಲ ಸುತ್ತಬಹುದು. ಬ್ಯಾಗಿಗೆ ಬೀಗವಿಲ್ಲದಿದ್ದರೆ ಕ್ಲೋಕ್ ರೂಮಿನವರು ತೆಗೆದುಕೊಳ್ಳುವುದಿಲ್ಲ ಎಂಬುದು ನೆನಪಿರಲಿ. ಪುರಿ ಮುಖ್ಯ ಮಾರ್ಗದಲ್ಲಿಲ್ಲ, ಖುರ್ದಾ ರೋಡ್ ಜಂಕ್ಷನ್ನಿನಿಂದ ಕವಲೊಡೆದು ಹೋಗುವ ದಾರಿಯ ತುದಿಯಲ್ಲಿದೆ. ಈ ಟಿಕೆಟಿನಲ್ಲಿ ಭುವನೇಶ್ವರದಲ್ಲಿ ಇಳಿದು ತಂಗಿ, ಪುರಿಗೆ ಅಲ್ಲಿಂದ ಸಾಮಾನ್ಯ ಟಿಕೆಟಿನಲ್ಲಿ ಹೋಗಿ ಬನ್ನಿ. ಗುವಾಹಟಿಯದೂ ಅದೇ ಕಥೆ. ನ್ಯೂ ಜಲ್‌ಪಾಯ್‌ಗುಡಿಯಿಂದ ಹೋದ ಹಳಿಯ ಮೇಲೇ ಮರಳಬೇಕಾಗುವುದರಿಂದ ಅದನ್ನು ವೃತ್ತದಿಂದ ಹೊರಗಿಟ್ಟು ಪ್ರತ್ಯೇಕ ಟಿಕೆಟ್ ಮಾಡಿಸುವುದು ವಾಸಿ.

ಇನ್ನು ಮಂಗಳೂರಿನ ತಮ್ಮನ ಮಾತಿಗೆ: ಕಾಯ್ದಿರಿಸಿದ ಟಿಕೆಟ್ ಹಗ್ಗವೆಂಬುದು ನಿಜ, ಆದರೆ ಛಟ್ ಹಬ್ಬದ ವಾರದಲ್ಲಿ ಬಿಹಾರದ ಕಡೆಗೆ ಹೋಗುವ ಜನರಲ್ ಬೋಗಿಯ ಬಾಗಿಲಿನಲ್ಲಿ ಜೋತು ಬಿದ್ದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಲ್ಕು ಗಂಟೆಯ ಹಗಲು ಪ್ರಯಾಣಕ್ಕೆ ಜನರಲ್ ಬೋಗಿ ಸಾಕು, ಅದಕ್ಕಿಂತ ಉದ್ದದ್ದಕ್ಕೆ ಬೇಡ.

ಉತ್ತರ 3 – ಮೈಸೂರಿನಿಂದ

ನಾನು ಒಬ್ಬಳೇ ತಿರುಗಾಡಲು ಆರಂಭಿಸಿ ಹನ್ನೊಂದು ವರ್ಷವಾಯಿತು. ಟಿಕೆಟಿನ ವಿಷಯವನ್ನು ಹುಬ್ಬಳ್ಳಿಯ ಹಿರಿಯರು ಹೇಳಿದ್ದಾರೆ, ನಾನು ಟಿಕೆಟಿನಿಂದ ಇಳಿದ ಮೇಲಿನ ವಿಷಯ ಹೇಳುತ್ತೇನೆ. ಒಬ್ಬರೇ ಹೋಗುವವರ ಲೆಕ್ಕ ಕೆಡುವುದು ರೈಲಿನಲ್ಲಲ್ಲ, ರೂಮಿನಲ್ಲಿ. ಇಬ್ಬರು ಹೋದರೆ ರೂಮಿನ ಬಾಡಿಗೆ ಅರ್ಧಕ್ಕರ್ಧ ಹಂಚಿಹೋಗುತ್ತದೆ, ಆಟೋದ್ದೂ ಹಾಗೆಯೇ, ಊಟದ ತಟ್ಟೆಯೂ ಎಷ್ಟೋ ಕಡೆ ಹಾಗೆಯೇ. ಒಬ್ಬರೇ ಹೋದರೆ ಎಲ್ಲವೂ ಇಡಿಯಾಗಿ ನಮ್ಮ ತಲೆಯ ಮೇಲೆ. ಅದರ ಮೇಲೆ, ದುಡ್ಡು ಕೊಡಲು ಸಿದ್ಧವಿದ್ದರೂ ಎಷ್ಟೋ ಛತ್ರಗಳಲ್ಲಿ, ದೇವಸ್ಥಾನದ ವಸತಿಗೃಹಗಳಲ್ಲಿ, ಸಣ್ಣ ಲಾಡ್ಜುಗಳಲ್ಲಿ ಒಬ್ಬರಿಗೆ ರೂಮನ್ನೇ ಕೊಡುವುದಿಲ್ಲ. ಇದು ಹೆಂಗಸರಿಗಷ್ಟೇ ಅಲ್ಲ, ಗಂಡಸರಿಗೂ ಆಗುವ ಅನುಭವ.

ನನ್ನ ಎರಡನೆಯ ಪ್ರವಾಸದಲ್ಲಿ ಪೂರ್ವ ಕರಾವಳಿಯ ಒಂದು ಯಾತ್ರಾಸ್ಥಳದಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಇಳಿದೆ. ಲಾಡ್ಜಿನ ಮೇಜಿನ ಹಿಂದಿದ್ದವರು ಉದ್ದನೆಯ ರಿಜಿಸ್ಟರ್ ತೆರೆದು, ನನ್ನ ಹೆಸರು, ಊರು, ಗುರುತಿನ ಚೀಟಿಯ ಸಂಖ್ಯೆ ಎಲ್ಲವನ್ನೂ ಬರೆದುಕೊಂಡು, ಜೊತೆಯಲ್ಲಿ ಬಂದವರ ಹೆಸರು ಬರೆಯುವ ಕಾಲಮಿನ ಹತ್ತಿರ ಪೆನ್ನು ನಿಲ್ಲಿಸಿ ತಲೆ ಎತ್ತಿ ನೋಡಿದರು. ಯಾರೂ ಇಲ್ಲವೆಂದೆ. ಅವರು ಬರೆದ ಸಾಲಿನ ಮೇಲೆ ಅಡ್ಡಗೆರೆ ಎಳೆದು, ರಿಜಿಸ್ಟರ್ ಮುಚ್ಚಿ, ಅದರ ಮೇಲೆ ಕನ್ನಡಕವನ್ನು ಮಡಚಿಟ್ಟರು. ಒಂದು ಮಾತನ್ನೂ ಆಡಲಿಲ್ಲ. ಅದೇ ಬೀದಿಯಲ್ಲಿ ಇನ್ನೆರಡು ಕಡೆಯೂ ಅದೇ ಆಯಿತು. ಕೊನೆಗೆ ನಿಲ್ದಾಣಕ್ಕೆ ಮರಳಿ, ಮಹಿಳೆಯರ ನಿರೀಕ್ಷಣಾ ಕೊಠಡಿಯ ಉದ್ದನೆಯ ಬೆಂಚಿನ ಮೇಲೆ ಬ್ಯಾಗಿನ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಬೆಳಗು ಮಾಡಿದೆ.

ಅಂದಿನಿಂದ ಎರಡು ವ್ರತಗಳನ್ನು ಹಿಡಿದಿದ್ದೇನೆ. ಮೊದಲನೆಯದು, ಹೊಸ ಊರಿಗೆ ಕತ್ತಲಾದ ಮೇಲೆ ತಲುಪುವ ರೈಲನ್ನು ಹತ್ತುವುದಿಲ್ಲ. ಟಿಕೆಟ್ ಅಗ್ಗವಿರಲಿ, ಬರ್ತ್ ಖಾಲಿಯಿರಲಿ, ಹತ್ತುವುದಿಲ್ಲ. ಎರಡನೆಯದು, ಯಾವ ಊರಿನಲ್ಲೇ ಆಗಲಿ ಮೊದಲ ರಾತ್ರಿಯ ವಸತಿಯಲ್ಲಿ ಉಳಿತಾಯ ಮಾಡುವುದಿಲ್ಲ. ಎರಡನೆಯ ದಿನ ಊರು ಕಾಲಿಗೆ ಪರಿಚಯವಾದ ಮೇಲೆ ಅಗ್ಗದ ಜಾಗ ಹುಡುಕಿಕೊಂಡರಾಯಿತು. ಆದ್ದರಿಂದ ನಿಮ್ಮ 50 ಸಾವಿರದಲ್ಲಿ 10 ಸಾವಿರವನ್ನು ಬೇರೆ ಖಾತೆಯಲ್ಲಿಟ್ಟು, ಇಂಥ ರಾತ್ರಿಗಳಿಗೆಂದೇ ಮೀಸಲಿಡಿ, ಉಳಿದ 40 ಸಾವಿರವನ್ನು 50 ದಿನಕ್ಕೆ ಹಂಚಿ. ದಿನಕ್ಕೆ 800 ರೂಪಾಯಿಯಲ್ಲಿ, ಡಾರ್ಮಿಟರಿಯಲ್ಲಿ ಮಲಗಿ, ಸ್ಲೀಪರ್ ಬೋಗಿಯಲ್ಲಿ ಓಡಾಡಿದರೆ ಇದು ಆಗುವ ಮಾತೇ. ನಿಲ್ದಾಣಗಳಲ್ಲಿರುವ ರಿಟೈರಿಂಗ್ ರೂಮುಗಳನ್ನು ಮರೆಯಬೇಡಿ. ಖಾತ್ರಿಯಾದ ಅಥವಾ ಆರ್‌ಎಸಿ (ಪೂರ್ತಿ ಬರ್ತ್ ಇಲ್ಲದಿದ್ದರೂ ಕುಳಿತು ಹೋಗಲು ಜಾಗವಿರುವ) ಟಿಕೆಟಿನ ಪಿಎನ್‌ಆರ್ ಸಂಖ್ಯೆಯ ಮೇಲೆ ಮೊದಲೇ ಕಾಯ್ದಿರಿಸಬಹುದು, ಹಲವು ಕಡೆ ಡಾರ್ಮಿಟರಿಯೂ ಇದೆ, ಮುಖ್ಯವಾಗಿ ಅಲ್ಲಿ ಜೊತೆಯಲ್ಲಿ ಯಾರಿದ್ದಾರೆಂದು ಯಾರೂ ಕೇಳುವುದಿಲ್ಲ.

ಬರ್ತಿನ ಬಗ್ಗೆ: ದೂರದ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಒಬ್ಬರೇ ಅಥವಾ ಮಹಿಳೆಯರಷ್ಟೇ ಗುಂಪಾಗಿ ಹೋಗುವವರಿಗೆ 6 ಬರ್ತುಗಳ ಕೋಟಾ ಇದೆ, ಇದಕ್ಕೆ ವಯಸ್ಸಿನ ಮಿತಿಯಿಲ್ಲ. ಸಾಮಾನ್ಯ ಕೋಟಾದಲ್ಲಿ ವೇಟಿಂಗ್ ಲಿಸ್ಟ್ ನೂರು ದಾಟಿದ್ದರೂ ಅಲ್ಲಿ ಒಂದು ಬರ್ತ್ ಸಿಕ್ಕಿದ ಉದಾಹರಣೆ ನನ್ನದೇ ಇದೆ. ಕೆಳಗಿನ ಬರ್ತಿನ ಆಸೆ ನಿಮಗೆ ಬೇಡ. ಆ ಕೋಟಾ 45 ದಾಟಿದ ಮಹಿಳೆಯರಿಗೆ ಮತ್ತು ಹಿರಿಯ ನಾಗರಿಕರಿಗೆ. ಒಬ್ಬರೇ ಹೋಗುವವರಿಗೆ ಮೇಲಿನ ಬರ್ತೇ ಒಳ್ಳೆಯದು. ಹಗಲಿನಲ್ಲೂ ಮಲಗಬಹುದು, ಹಾದುಹೋಗುವವರ ಕೈಗೆ ಬ್ಯಾಗು ಎಟುಕುವುದಿಲ್ಲ.

ಮಂಗಳೂರಿನವರೇ, ನಿಮ್ಮ 17 ಸಾವಿರದ ಲೆಕ್ಕ ನಿಮ್ಮದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ಲಾಟ್‌ಫಾರ್ಮಿನ ಬೆಂಚು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ.

ಉತ್ತರ 4 – ಮಂಗಳೂರಿನಿಂದ

ಒಪ್ಪಿದೆ, ಬೆಂಚಿನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಮೇಲಿನ ಬರ್ತಿನ ಬಗ್ಗೆ ಮಾತ್ರ ತಕರಾರಿದೆ. ಕೆಳಗಿನ ಬರ್ತಿನಡಿ ಬ್ಯಾಗನ್ನು ಸರಪಳಿ ಹಾಕಿ ಬೀಗ ಹಾಕಲೆಂದೇ ಕಬ್ಬಿಣದ ಬಳೆಗಳಿರುತ್ತವೆ, ಮೇಲಿನವರು ಬ್ಯಾಗನ್ನು ತಲೆದಿಂಬು ಮಾಡಿಕೊಂಡೇ ಮಲಗಬೇಕು. ಎಂಟು ಕಿಲೋ ಮೀರದ ಬ್ಯಾಗಾದರೆ ಮೈಸೂರಿನವರ ಮಾತು ಸರಿ, ಅದಕ್ಕಿಂತ ಭಾರವಾದರೆ ನನ್ನ ಮಾತು ಸರಿ.

ಉತ್ತರ 5 – ಶಿವಮೊಗ್ಗದಿಂದ

ನಿಮ್ಮ ಯೋಜನೆಯ ಈಶಾನ್ಯ ಭಾಗವನ್ನು ನೋಡಿ ಬರೆಯುತ್ತಿದ್ದೇನೆ. ನಾನು ಶಾಲೆಯ ರಜೆಗಳಲ್ಲಿ ನಾಲ್ಕು ಬಾರಿ ಅಲ್ಲಿಗೆ ಹೋಗಿ ಬಂದಿದ್ದೇನೆ.

ಮೊದಲು ಗಡಿಯಾರವನ್ನು ಮರೆಯಿರಿ. ಇಡೀ ದೇಶಕ್ಕೆ ಒಂದೇ ಸಮಯವಾದರೂ ಸೂರ್ಯ ಅದನ್ನು ಒಪ್ಪಿಕೊಂಡಿಲ್ಲ. ಡಿಸೆಂಬರ್ ಆರಂಭದಲ್ಲಿ ಗುವಾಹಟಿಯಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ಐದೂವರೆಗೆ ಸಂಪೂರ್ಣ ಕತ್ತಲು. "ಸಂಜೆ ಐದಕ್ಕೆ ತಲುಪುತ್ತೇನೆ, ಇನ್ನೂ ಬೆಳಕಿರುತ್ತದೆ" ಎಂಬ ನಮ್ಮ ಊರಿನ ಅಂದಾಜು ಅಲ್ಲಿ ನಡೆಯುವುದಿಲ್ಲ. ಮೈಸೂರಿನವರ ಮೊದಲನೆಯ ವ್ರತವನ್ನು ಅಲ್ಲಿ ಪಾಲಿಸಬೇಕಾದರೆ ಮಧ್ಯಾಹ್ನ ಮೂರಕ್ಕೇ ತಲುಪುವಂತೆ ನೋಡಿಕೊಳ್ಳಬೇಕು. ಗುಡ್ಡದ ದಾರಿಯಲ್ಲಿ ಓಡುವ ಶೇರ್ ಸುಮೋಗಳೂ ಅದಕ್ಕೆಂದೇ ಬೆಳಗಿನ ಜಾವ ಹೊರಡುತ್ತವೆ. ಹಿಂದಿನ ಸಂಜೆಯೇ ಕೌಂಟರಿಗೆ ಹೋಗಿ ಮುಂದಿನ ಸಾಲಿನ ಸೀಟು ಕೇಳಿ ಬರೆಸಿಕೊಳ್ಳಿ; ಹಿಂದಿನ ಸಾಲಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಹನ್ನೆರಡು ಗಂಟೆ ಕುಳಿತರೆ ತವಾಂಗಿನ ಮಠ ನೋಡುವ ಉತ್ಸಾಹ ಉಳಿಯುವುದಿಲ್ಲ.

ತವಾಂಗ್ ಅರುಣಾಚಲ ಪ್ರದೇಶದಲ್ಲಿರುವುದರಿಂದ ಭಾರತೀಯರಿಗೂ ಇನ್ನರ್ ಲೈನ್ ಪರ್ಮಿಟ್ ಎಂಬ ಪ್ರವೇಶ ಪರವಾನಗಿ ಬೇಕು. 1873ರಲ್ಲಿ ಬ್ರಿಟಿಷರು ಮಾಡಿದ ನಿಯಮದ ಮುಂದುವರಿಕೆ ಇದು. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ ಮತ್ತು ಮಣಿಪುರಗಳಿಗೆ ಅನ್ವಯಿಸುತ್ತದೆ, ಅಸ್ಸಾಂ ಮತ್ತು ಮೇಘಾಲಯಕ್ಕೆ ಇಲ್ಲ. ಅರುಣಾಚಲದ್ದನ್ನು ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ಪಡೆಯಬಹುದು. ಭಾಲುಕ್‌ಪೊಂಗ್ ಚೆಕ್‌ಪೋಸ್ಟಿನಲ್ಲಿ ಎಲ್ಲರನ್ನೂ ಇಳಿಸಿ ನೋಡುತ್ತಾರೆ. ಅಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ಮುದ್ರಿತ ಪ್ರತಿಗಳು ಮೂರಾದರೂ ಇರಲಿ. ಭಾಷೆಯ ಭಯ ಬೇಡ. ಅರುಣಾಚಲದಲ್ಲಿ ಬೇರೆ ಬೇರೆ ಬುಡಕಟ್ಟುಗಳವರು ತಮ್ಮತಮ್ಮಲ್ಲೇ ಹಿಂದಿಯಲ್ಲಿ ಮಾತನಾಡುತ್ತಾರೆ. ನಮ್ಮ ಹರುಕುಮುರುಕು ಹಿಂದಿ ಅವರ ಹಿಂದಿಯ ಪಕ್ಕದಲ್ಲಿ ಅಷ್ಟೇನೂ ನಾಚಬೇಕಿಲ್ಲ.

ಮುಂದೊಮ್ಮೆ ಮಿಜೋರಾಮಿಗೂ ಹೋಗುವ ಮನಸ್ಸಾದರೆ, ಐಜ್ವಾಲ್ ಹತ್ತಿರದ ಸಾಯ್‌ರಾಂಗ್‌ವರೆಗೆ 2025ರ ಸೆಪ್ಟೆಂಬರಿನಿಂದ ರೈಲಿದೆ. ಭಾನುವಾರ ಮಾತ್ರ ಅಲ್ಲಿಗೆ ತಲುಪಬೇಡಿ. ಇಡೀ ಊರು ಚರ್ಚಿಗೆ ಹೋಗಿ ಅಂಗಡಿಗಳು ಮುಚ್ಚಿರುವುದರಿಂದ ಆ ದಿನ ನನಗೆ ಅನ್ನ ಹಾಕಿದ್ದು ಊರಿನಿಂದ ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ಮತ್ತು ಚಟ್ನಿಪುಡಿ.

ಲೇಹ್ ಅನ್ನು ಪಟ್ಟಿಯಿಂದ ತೆಗೆಯಿರಿ. ಡಿಸೆಂಬರಿನಲ್ಲಿ ಮನಾಲಿಯ ದಾರಿ ಮುಚ್ಚಿರುತ್ತದೆ, ಶ್ರೀನಗರದ ಕಡೆಯ ಜೋಜಿಲಾ ಘಾಟಿಯನ್ನು ನಂಬಿಕೊಂಡು ಹೊರಡುವಂತಿಲ್ಲ, ವಿಮಾನವೊಂದೇ ಗತಿ. ಅದು ನಿಮ್ಮ ಹತ್ತು ದಿನದ ಖರ್ಚನ್ನು ಒಂದೇ ದಿನದಲ್ಲಿ ನುಂಗುತ್ತದೆ. ಶ್ರೀನಗರಕ್ಕೆ ಕಟ್ರಾದಿಂದ ಚೆನಾಬ್ ಸೇತುವೆಯ ಮೇಲೆ 2025ರ ಜೂನ್‌ನಿಂದ ರೈಲು ಓಡುತ್ತಿದೆ. ಸೇತುವೆ ನದಿಯಿಂದ 359 ಮೀಟರ್ ಎತ್ತರದಲ್ಲಿದೆ, ಹಗಲು ಹೊತ್ತಿನಲ್ಲೇ ದಾಟುವಂತೆ ನೋಡಿಕೊಳ್ಳಿ. ನಿಮ್ಮದು ಪ್ರೀಪೇಯ್ಡ್ ಸಿಮ್ ಆಗಿದ್ದರೆ ಜಮ್ಮು-ಕಾಶ್ಮೀರದಲ್ಲಿ ಅದು ಕೆಲಸ ಮಾಡುವುದಿಲ್ಲ, ಹೊರ ರಾಜ್ಯದ ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಒಬ್ಬರೇ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ: ಫೋನ್ ಸತ್ತರೆ ನಕ್ಷೆ, ಹಣ, ಮನೆಯವರ ಸಮಾಧಾನ ಮೂರೂ ಒಟ್ಟಿಗೆ ಸಾಯುತ್ತವೆ. ಹೊರಡುವ ಮೊದಲೇ ಬದಲಿಸಿಕೊಳ್ಳಿ.

ಪ್ರತಿಕ್ರಿಯೆ – ದಾವಣಗೆರೆಯಿಂದ

ಎಲ್ಲರಿಗೂ ಕೃತಜ್ಞತೆಗಳು. ಲೇಹ್ ಬಿಟ್ಟೆ, ಸಿಮ್ ಬದಲಾಯಿಸಿದೆ. ಸರ್ಕ್ಯುಲರ್ ಟಿಕೆಟಿಗಾಗಿ ಎರಡು ದಿನ ಓಡಾಡಿದೆ. ಮೊದಲು ಹೋದ ಕಿಟಕಿಯಲ್ಲಿದ್ದವರು ಅಂಥದ್ದೊಂದು ಟಿಕೆಟ್ ಇಲ್ಲವೇ ಇಲ್ಲ ಎಂದರು, ಒಳಗಿನ ಕೋಣೆಯಲ್ಲಿದ್ದ ಹಿರಿಯ ಗುಮಾಸ್ತರೊಬ್ಬರು ಕಪಾಟಿನಿಂದ ದರಪಟ್ಟಿಯ ಪುಸ್ತಕ ತೆಗೆದು ಧೂಳು ಒರೆಸಿ, ಹತ್ತು ವರ್ಷದಲ್ಲಿ ಇದು ಮೂರನೆಯದು ಎಂದು ನಗುತ್ತ ಲೆಕ್ಕ ಹಾಕಿಕೊಟ್ಟರು. ಒಂದು ಅನುಮಾನ ಉಳಿದಿದೆ. ಬರ್ತ್ ಖಾತ್ರಿಯಾಗದೆ ರಾತ್ರಿ ರೈಲು ಹತ್ತಬೇಕಾಗಿ ಬಂದರೆ, ಟಿಕೆಟ್ ಸರಿಯಿಲ್ಲವೆಂದು ನಡುದಾರಿಯಲ್ಲಿ ಇಳಿಸಿಬಿಡುತ್ತಾರೆಯೇ?

ಉತ್ತರ 6 – ಹುಬ್ಬಳ್ಳಿಯಿಂದ

ಅಂತರ್ಜಾಲದಲ್ಲಿ ಮಾಡಿಸಿದ ಟಿಕೆಟ್ ಚಾರ್ಟ್ (ಬರ್ತುಗಳ ಅಂತಿಮ ಪಟ್ಟಿ) ಆದ ಮೇಲೂ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ಅದು ತಾನಾಗಿಯೇ ರದ್ದಾಗಿ ಹಣ ಮರಳುತ್ತದೆ, ಅದನ್ನು ಹಿಡಿದು ಹತ್ತುವಂತಿಲ್ಲ. ಆರ್‌ಎಸಿ ಆಗಿದ್ದರೆ ಹತ್ತಬಹುದು. ಸೈಡ್ ಲೋವರ್ ಬರ್ತಿನಲ್ಲಿ ಇಬ್ಬರು ಕುಳಿತು ಹೋಗುವುದು, ಯಾರಾದರೂ ಬಾರದಿದ್ದರೆ ಟಿಟಿ ಪೂರ್ತಿ ಬರ್ತ್ ಕೊಡುತ್ತಾರೆ. ತತ್ಕಾಲ್ ಅನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಸ್ಲೀಪರಿಗೆ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ, 2025ರ ಜುಲೈನಿಂದ ಅದಕ್ಕೆ ಆಧಾರ್ ದೃಢೀಕರಣ ಕಡ್ಡಾಯವಾಗಿದೆ, ಅದನ್ನು ಊರಿನಲ್ಲಿರುವಾಗಲೇ ಮುಗಿಸಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ 1989ರ ರೈಲ್ವೆ ಕಾಯ್ದೆಯಲ್ಲೇ ಇದೆ. ಗಂಡಸರ ಜೊತೆಯಿಲ್ಲದೆ ಹೋಗುತ್ತಿರುವ ಮಹಿಳೆಯ ಬಳಿ ಸರಿಯಾದ ಟಿಕೆಟ್ ಇಲ್ಲದಿದ್ದರೂ ಆಕೆಯನ್ನು ರಾತ್ರಿ ಇಳಿಸುವಂತಿಲ್ಲ. ಇಳಿಸುವುದಾದರೂ ಹಗಲಿನಲ್ಲಿ, ಹತ್ತಿದ ನಿಲ್ದಾಣದಲ್ಲಿ, ಇಲ್ಲವೇ ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇಳಿಸಬೇಕು. ಅದು 139ನೆಯ ಕಲಮು. ರೈಲ್ವೆಯ ಸಹಾಯವಾಣಿಯ ಸಂಖ್ಯೆಯೂ 139 ಆಗಿರುವುದು ಕಾಕತಾಳೀಯವೇ ಇರಬೇಕು, ಆದರೆ ನೆನಪಿಡಲು ಅನುಕೂಲ. ಟಿಕೆಟ್ ಇಲ್ಲದೆ ಹೋಗಿ ಎಂದು ನಾನು ಹೇಳುತ್ತಿಲ್ಲ, ಯಾರಾದರೂ ಹೆದರಿಸಿದರೆ ಈ ಸಂಖ್ಯೆ ಬಾಯಲ್ಲಿರಲಿ ಎನ್ನುತ್ತಿದ್ದೇನೆ.

ಉತ್ತರ 7 – ಮೈಸೂರಿನಿಂದ

ಅಮೃತಸರದಲ್ಲಿ ಒಂದು ಹೊತ್ತಾದರೂ ಹರ್ಮಂದಿರ್ ಸಾಹಿಬ್‌ನ (ಸ್ವರ್ಣಮಂದಿರದ) ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಚಿತವಾಗಿ ಬಡಿಸುವ ಪಂಕ್ತಿಯಲ್ಲಿ, ಊಟ ಮಾಡಿ. ತಲೆಯ ಮೇಲೆ ಬಟ್ಟೆ ಇರಬೇಕು, ರೊಟ್ಟಿಯನ್ನು ಎರಡೂ ಕೈ ಒಡ್ಡಿ ತೆಗೆದುಕೊಳ್ಳಬೇಕು. ಊಟವಾದ ಮೇಲೆ ಪಾತ್ರೆ ತೊಳೆಯುವ ಸಾಲಿನಲ್ಲಿ ನಿಂತುಕೊಳ್ಳಿ. ಸಾವಿರಾರು ಸ್ಟೀಲ್ ತಟ್ಟೆಗಳು ತೊಟ್ಟಿಗೆ ಬೀಳುವ ಸದ್ದಿನಲ್ಲಿ ಮಾತು ಯಾರಿಗೂ ಕೇಳಿಸುವುದಿಲ್ಲ, ನಿಮ್ಮ ಭಾಷೆ ಯಾವುದೆಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಒಬ್ಬರೇ ಓಡಾಡುವಾಗ ಮೂರನೆಯ ವಾರದ ಹೊತ್ತಿಗೆ ಒಂದು ಬಗೆಯ ಬೇಸರ ಹಿಡಿಯುತ್ತದೆ. ಇಡೀ ದಿನ ದರ ವಿಚಾರಿಸುವುದು ಬಿಟ್ಟು ಬೇರೆ ಮಾತನ್ನೇ ಆಡಿರುವುದಿಲ್ಲ. ಅಲ್ಲಿ ಒಂದು ಗಂಟೆ ತಟ್ಟೆ ಉಜ್ಜಿದ ಮೇಲೆ ನನ್ನದು ಬಿಟ್ಟುಹೋಗಿತ್ತು.

ಇನ್ನೊಂದು ಮಾತು. ತವಾಂಗಿನ ಚಳಿಗೆ ಕೊಂಡ ಬಟ್ಟೆಯನ್ನು ಜೋಧಪುರ, ಗೋವಾದವರೆಗೆ ಹೊರಬೇಡಿ. ಚಳಿ ಊರುಗಳು ಮುಗಿದ ಕೂಡಲೇ ಹತ್ತಿರದ ಅಂಚೆ ಕಚೇರಿಯಿಂದ ಮನೆಗೆ ಪಾರ್ಸೆಲ್ ಮಾಡಿ.

ಪ್ರತಿಕ್ರಿಯೆ – ದಾವಣಗೆರೆಯವಳು, ಗುವಾಹಟಿಯಿಂದ

ಇಂದು ಡಿಸೆಂಬರ್ 2, ನನ್ನ ಪ್ರಯಾಣದ 23ನೆಯ ದಿನ. ಇದುವರೆಗೆ ದಿನದ ಖರ್ಚಿನ ಬಾಬತ್ತಿನಲ್ಲಿ 17,850 ರೂಪಾಯಿ ಮುಗಿದಿದೆ, ಅಂದರೆ 800ರ ಗೆರೆಯ ಸ್ವಲ್ಪ ಕೆಳಗೇ ಇದ್ದೇನೆ. ಮೀಸಲಿಟ್ಟ ಹತ್ತು ಸಾವಿರವನ್ನು ಎರಡು ಬಾರಿ ಮುಟ್ಟಿದೆ, ಒಟ್ಟು 2,300. ಎರಡೂ ಬಾರಿ ರೈಲು ತಡವಾಗಿ ಕತ್ತಲಲ್ಲಿ ಇಳಿದದ್ದೇ ಕಾರಣ. ನಿಲ್ದಾಣದೆದುರಿನ ದುಬಾರಿ ಹೋಟೆಲಿಗೆ ನೇರವಾಗಿ ನಡೆದುಹೋದೆ, ಚೌಕಾಸಿ ಮಾಡಲಿಲ್ಲ. ತವಾಂಗಿಗೆ ಹೋಗುವಾಗ ಮುಂದಿನ ಸೀಟು ಸಿಕ್ಕಿತು, ಮರಳುವಾಗ ಹಿಂದಿನದೇ ಆಯಿತು; ಶಿವಮೊಗ್ಗದ ಮೇಷ್ಟ್ರು ಮೊಣಕಾಲಿನ ಬಗ್ಗೆ ಬರೆದದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ಬ್ಯಾಗಿನ ತೂಕ ಏಳೂವರೆ ಕಿಲೋ ಇರುವುದರಿಂದ ಮೇಲಿನ ಬರ್ತಿನ ವಾದದಲ್ಲಿ ಮೈಸೂರಿನವರ ಪಕ್ಷ ನನ್ನದು.

ಈಗೊಂದು ತುರ್ತು ಪ್ರಶ್ನೆ. ನ್ಯೂ ಜಲ್‌ಪಾಯ್‌ಗುಡಿಗೆ ಹೋಗುವ ನನ್ನ ರೈಲು ನಾಲ್ಕು ಗಂಟೆ ತಡವೆಂದು ತೋರಿಸುತ್ತಿದೆ. ಇದು ಹುಬ್ಬಳ್ಳಿಯವರು ಹೇಳಿದಂತೆ ಪ್ರತ್ಯೇಕವಾಗಿ ಅಂತರ್ಜಾಲದಲ್ಲಿ ಮಾಡಿಸಿದ ಟಿಕೆಟ್. ರದ್ದು ಮಾಡಿ ನಾಳೆ ಹೋದರೆ ಪೂರ್ತಿ ಹಣ ಬರುತ್ತದೆಯೇ?

ಉತ್ತರ 8 – ಹುಬ್ಬಳ್ಳಿಯಿಂದ

ಮೂರು ಗಂಟೆಗಿಂತ ಹೆಚ್ಚು ತಡವಾಗಿದ್ದು, ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ಹಣ ಮರಳುತ್ತದೆ. ಆದರೆ ರೈಲು ನಿಮ್ಮ ನಿಲ್ದಾಣದಿಂದ ನಿಜವಾಗಿ ಹೊರಡುವ ಮೊದಲೇ ಟಿಡಿಆರ್, ಅಂದರೆ ಹಣ ಮರಳಿಸಲು ಕೋರುವ ಅರ್ಜಿ, ಸಲ್ಲಿಸಬೇಕು. ಸಾಮಾನ್ಯ ರದ್ದತಿಯ ಗುಂಡಿಯನ್ನು ಒತ್ತಬೇಡಿ. ಉತ್ತರದಲ್ಲಿ ಮಂಜು ಆರಂಭವಾಗಿರಬೇಕು; ವಾರಾಣಸಿಯಿಂದ ಮುಂದೆ ಜೋಧಪುರದವರೆಗೆ ಪ್ರತಿ ಹಂತಕ್ಕೂ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಪ್ರತಿಕ್ರಿಯೆ – ದಾವಣಗೆರೆಯವಳು, ಗುವಾಹಟಿಯಿಂದ

ಟಿಡಿಆರ್ ಸಲ್ಲಿಸಲಿಲ್ಲ. ಟಿಕೆಟಿನ ಹಣ ಮರಳಿ ಬಂದರೂ ಇನ್ನೊಂದು ರಾತ್ರಿಯ ರೂಮಿಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ, ಕಾಯುವುದಕ್ಕೆ ದುಡ್ಡಿಲ್ಲ. ಅಲ್ಲದೆ ಈ ರೈಲು ತಡವಾದಷ್ಟೂ ನಾನು ನ್ಯೂ ಜಲ್‌ಪಾಯ್‌ಗುಡಿಯಲ್ಲಿ ಇಳಿಯುವುದು ಬೆಳಕಿನಲ್ಲಿ. ಮಹಿಳೆಯರ ನಿರೀಕ್ಷಣಾ ಕೊಠಡಿಯಲ್ಲಿ ಗೋಡೆಯ ಪಕ್ಕದ, ಚಾರ್ಜಿಂಗ್ ಪಾಯಿಂಟ್ ಇರುವ ಜಾಗ ಸಿಕ್ಕಿದೆ. ಬ್ಯಾಗಿನ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದೇನೆ. ಇದನ್ನು ಬರೆಯುವಷ್ಟರಲ್ಲಿ ಹೊರಗಿನ ಬೋರ್ಡಿನಲ್ಲಿ ನಾಲ್ಕು ಗಂಟೆ ಇದ್ದದ್ದು ಐದೂವರೆಯಾಯಿತು.